ಗಿನಿ ಕೋಳಿ ಬಂದ ದಾರಿ ಮತ್ತು ಕಡಮೆ ಖರ್ಚಿನ ಗೂಡು



ನಮ್ಮ ಸಂಘ 25 ವರ್ಷ ತುಂಬಿ ರಜತ ಮಹೋತ್ಸವ ಆಚರಿಸುವ ಈ ಶುಭ ಸಂದರ್ಭದಲ್ಲಿ ಸಂಘ ನಡೆದು ಬಂದ ದಾರಿ, ಹಾಲಿನ ಲೆಕ್ಕ, ಬೋನಸ್ಸು, ಕಟ್ಟಡ ಇವುಗಳ ವಿಷಯ ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನನಗೆ ವಹಿಸಿದ್ದು ಉಪಕಸುಬಿನ ವಿಷಯ. ಕುರಿ, ಜೇನು, ನಾಟಿ ಕೋಳಿ ಇವುಗಳ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಅದಕ್ಕೇ ನಮ್ಮ ಕಡೆ ಅಷ್ಟಾಗಿ ಬರೆಯದ ಗಿನಿ ಕೋಳಿಯನ್ನು ತೆಗೆದುಕೊಂಡಿದ್ದೇನೆ.

ಇದಕ್ಕೆ ಕಾರಣವೂ ಉಂಟು. ಸೋಂಪುರ ಹೋಬಳಿಗೆ ಕೈಗಾರಿಕಾ ಪ್ರದೇಶ ಬಂದ ಮೇಲೆ ಎಷ್ಟೋ ಮನೆಗಳಿಗೆ ಹೊಲ ಹೋಗಿ ಹಿತ್ತಿಲು ಮಾತ್ರ ಉಳಿದಿದೆ. ಪರಿಹಾರದ ಹಣ ಮದುವೆ, ಮನೆ, ಗಾಡಿ ಅಂತ ಕರಗಿಹೋಯ್ತು. ಈಗ ಸಾಲ ಮಾಡಿ ದೊಡ್ಡ ಕೋಳಿ ಶೆಡ್ ಹಾಕೋದಾ ಅಂತ ಕೇಳುವ ಸದಸ್ಯರಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಾಲದ ಶೆಡ್ಡಿಗಿಂತ ಮೊದಲು, ಶೆಡ್ಡನ್ನೇ ಅಷ್ಟಾಗಿ ಬೇಡದ ಒಂದು ಹಕ್ಕಿಯ ಚರಿತ್ರೆ ತಿಳಿದುಕೊಳ್ಳೋಣ. ಯಾವ ಜೀವವನ್ನೇ ಆಗಲಿ ಸಾಕುವ ಮುಂಚೆ ಅದರ ಹುಟ್ಟೂರು ವಿಚಾರಿಸಬೇಕು. ಗೂಡು ಹೇಗಿರಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಹುಟ್ಟೂರು ಆಫ್ರಿಕ

ಗಿನಿ ಕೋಳಿಯ ತವರು ಆಫ್ರಿಕದ ಹುಲ್ಲುಗಾವಲು ಮತ್ತು ಕುರುಚಲು ಕಾಡು. ಅಲ್ಲಿ ಅದು ಹಗಲೆಲ್ಲ ಗುಂಪಾಗಿ ನೆಲ ಕೆದಕಿ ಬೀಜ, ಹುಳು, ಮಿಡತೆ ತಿನ್ನುತ್ತದೆ. ಅಪಾಯ ಕಂಡರೆ ಮೊದಲು ಓಡುತ್ತದೆ, ಆಮೇಲೆ ಹಾರುತ್ತದೆ. ಕತ್ತಲಾದರೆ ಮರ ಹತ್ತಿ ಕೂರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಪೊದೆಯೊಳಗೆ ಮೊಟ್ಟೆ ಇಡುತ್ತದೆ. ಈ ಗುಣಗಳಲ್ಲಿ ಒಂದೂ ಇವತ್ತಿನವರೆಗೆ ಅದನ್ನು ಬಿಟ್ಟು ಹೋಗಿಲ್ಲ.

ಗ್ರೀಕರಿಗೂ ರೋಮನರಿಗೂ ಈ ಹಕ್ಕಿ ಗೊತ್ತಿತ್ತು. ಮೆಲಿಯಾಗರ್ ಎಂಬ ವೀರ ಸತ್ತಾಗ ಅವನ ಅಕ್ಕತಂಗಿಯರು ಅತ್ತು ಅತ್ತು ಹಕ್ಕಿಗಳಾದರು, ಮೈಮೇಲಿನ ಬಿಳಿ ಚುಕ್ಕಿಗಳು ಅವರ ಕಣ್ಣೀರಿನ ಹನಿ ಅಂತ ಗ್ರೀಕರ ಕತೆ. ರೋಮಿನಲ್ಲಿ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಬೇಸಾಯದ ಪುಸ್ತಕ ಬರೆದ ವಾರೋ ಎಂಬಾತ ಇದನ್ನು ಆಫ್ರಿಕದ ಕೋಳಿ ಅಂತ ಕರೆದು, ಅಪರೂಪ ಆದ್ದರಿಂದ ಬಲು ದುಬಾರಿ ಅಂದಿದ್ದಾನೆ. ಅಂದರೆ ಎರಡು ಸಾವಿರ ವರ್ಷದ ಹಿಂದೆ ಇದು ಶ್ರೀಮಂತರ ಊಟದ ಹಕ್ಕಿ.

ಆಮೇಲೆ 15 ಮತ್ತು 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯಿಂದ ಇದನ್ನು ಮತ್ತೆ ಯೂರೋಪಿಗೆ ಒಯ್ದವು. ಗಿನಿ ಅನ್ನೋ ಹೆಸರು ಅಂಟಿಕೊಂಡದ್ದು ಹಾಗೆ. ಅದೇ ಕಾಲಕ್ಕೆ ಅಮೆರಿಕದಿಂದ ಟರ್ಕಿ ಕೋಳಿಯೂ ಬಂತು. ಜನ ಎರಡನ್ನೂ ಒಂದೇ ಅಂದುಕೊಂಡು ಹೆಸರು ಕಲಸಿಬಿಟ್ಟರು. ಇವತ್ತಿಗೂ ಶಾಸ್ತ್ರೀಯ ಹೆಸರಿನಲ್ಲಿ ಗಿನಿ ಕೋಳಿಗೆ ನುಮಿಡಾ ಮೆಲಿಯಾಗ್ರಿಸ್, ಟರ್ಕಿಗೆ ಮೆಲಿಯಾಗ್ರಿಸ್ ಗಾಲೊಪಾವೊ ಅಂತ ಆ ಗೊಂದಲ ಉಳಿದಿದೆ. ಈಗ ದೊಡ್ಡ ಮಟ್ಟದಲ್ಲಿ ಗಿನಿ ಕೋಳಿ ಬೆಳೆಸುವುದರಲ್ಲಿ ಫ್ರಾನ್ಸ್ ದೇಶ ಹೆಸರುವಾಸಿ. ಆದರೆ ಪಶ್ಚಿಮ ಆಫ್ರಿಕದ ಹಳ್ಳಿಗಳಲ್ಲಿ ಇಂದಿಗೂ ಇದು ಬಡವರ ಹಿತ್ತಿಲ ಹಕ್ಕಿಯೇ.

ನಮ್ಮ ಸೀಮೆಯ ಕೋಳಿ ಚರಿತ್ರೆ

ನಮ್ಮಲ್ಲಿ ಕೋಳಿ ಅಂದರೆ ಹಿಂದೆ ಮಂಕರಿ ಕವುಚಿ ಸಾಕುವ ನಾಟಿ ಕೋಳಿ. ಹೆಂಗಸರ ಕೈಗಾಸು, ನೆಂಟರು ಬಂದರೆ ಸಾರು, ಹಬ್ಬಕ್ಕೆ ಹರಕೆ. ಖರ್ಚೂ ಇಲ್ಲ, ಲೆಕ್ಕವೂ ಇಲ್ಲ.

ಇದು ಬದಲಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ (1956–61) ಕೇಂದ್ರ ಸರ್ಕಾರ ದೇಶದ ಕೆಲವು ಕಡೆ ಪ್ರಾದೇಶಿಕ ಕೋಳಿ ಕ್ಷೇತ್ರಗಳನ್ನು ತೆರೆಯಿತು. ಅದರಲ್ಲಿ ಬೆಂಗಳೂರಿನದೂ ಒಂದು. ನೆಲಮಂಗಲದ ಆಚೆ ನಮಗೆ ಹತ್ತಿರವೇ ಇರುವ ಹೆಸರಘಟ್ಟ ಈ ಕೆಲಸಕ್ಕೆ ಹೆಸರಾಯ್ತು. ಅಲ್ಲಿ ಕೋಳಿ ತಳಿ ಕ್ಷೇತ್ರ, ತರಬೇತಿ ಸಂಸ್ಥೆ, ಬಾತು ತಳಿ ಕ್ಷೇತ್ರ ಎಲ್ಲ ಬಂದವು. ಮುಂದೆ ಇವು ಒಂದುಗೂಡಿ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆ ಆಯಿತು. ಇತ್ತ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಹಿತ್ತಿಲಲ್ಲಿ ಸಾಕಲು ಅಂತಲೇ 1980ರ ದಶಕದ ಕೊನೆಗೆ ಗಿರಿರಾಜ ಕೋಳಿ ಬಂದದ್ದು ಅಲ್ಲಿಂದಲೇ. ಗಿರಿರಾಜ ನಮ್ಮ ಹಳ್ಳಿ ಹಳ್ಳಿಗೂ ಹೋಯ್ತು.

ಅದರ ಜೊತೆಗೇ ಬ್ರಾಯ್ಲರ್ ಕೂಡ ಬಂತು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಉದ್ದುದ್ದ ಶೆಡ್ಡುಗಳೆದ್ದವು. ಮರಿ, ಮೇವು ಕಂಪನಿಯದು, ಶೆಡ್ಡು, ಕರೆಂಟು, ಕೂಲಿ ರೈತನದು. ಇದರಲ್ಲಿ ಗೆದ್ದವರೂ ಇದ್ದಾರೆ, ಸಾಲ ತೀರಿಸಲಾರದೆ ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೊಟ್ಟವರೂ ಇದ್ದಾರೆ.

ಗಿನಿ ಕೋಳಿಯ ದಾರಿ ಬೇರೆ. ಬ್ರಿಟಿಷರ ಕಾಲದಲ್ಲಿ ಅದು ಬಂಗಲೆ ಹಿತ್ತಿಲುಗಳ ಹಕ್ಕಿ. ಆಮೇಲೂ ಬಹಳ ಕಾಲ ತೋಟದ ಮನೆಗಳಲ್ಲಿ ಶೋಕಿಗೆ ನಾಲ್ಕಾರು ಸಾಕುತ್ತಿದ್ದರು. ಇದನ್ನು ರೈತನ ಹಕ್ಕಿ ಅಂತ ಗಂಭೀರವಾಗಿ ತೆಗೆದುಕೊಂಡದ್ದು ಉತ್ತರ ಪ್ರದೇಶದ ಬರೇಲಿ ಹತ್ತಿರ ಇಜತ್‌ನಗರದಲ್ಲಿ 1979ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ. ಅಲ್ಲಿ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ಮೂರು ತಳಿಗಳನ್ನು ಸಿದ್ಧ ಮಾಡಿದರು. ಹೆಸರೇನೋ ನಮ್ಮ ಹೆಣ್ಣುಮಕ್ಕಳ ಹೆಸರಿನಂತೆ ಚೆನ್ನಾಗಿವೆ! ಈ ಹಕ್ಕಿಗೆ ಬೆಲೆಬಾಳುವ ಮನೆ ಬೇಡ, ಕೋಳಿಗೆ ಬರುವ ಹಲವು ಕಾಯಿಲೆಗಳನ್ನು ತಡೆದುಕೊಳ್ಳುತ್ತದೆ, ಮೇದು ಹೊಟ್ಟೆ ತುಂಬಿಸಿಕೊಳ್ಳುತ್ತದೆ ಎಂಬುದೇ ಅವರ ಸಂದೇಶ.

ಗೂಡು ಹೇಗಿರಬೇಕು

ಗಿನಿ ಕೋಳಿಗೆ ಬೇಕಾದ್ದು ಹಗಲಿನ ಮನೆ ಅಲ್ಲ, ರಾತ್ರಿಯ ಮನೆ. ನಾಯಿ, ಮುಂಗುಸಿ, ಕಾಡುಬೆಕ್ಕಿನಿಂದ ಕಾಪಾಡಬೇಕು, ಮಳೆ ತಾಗಬಾರದು, ಗಾಳಿ ಆಡಬೇಕು. ಇಷ್ಟೇ.

ದೊಡ್ಡ ಹಕ್ಕಿಯೊಂದಕ್ಕೆ 2ರಿಂದ 2.5 ಚದರಡಿ ಸಾಕು. 20 ಹಕ್ಕಿಗೆ 10 ಅಡಿ ಉದ್ದ, 5 ಅಡಿ ಅಗಲದ ಜಾಗ ಆಯ್ತು. ಉದ್ದ ಪೂರ್ವ–ಪಶ್ಚಿಮಕ್ಕಿದ್ದರೆ ಬಿಸಿಲು ಒಳಗೆ ಹೊಡೆಯುವುದಿಲ್ಲ. ನಮ್ಮ ಶಿವಗಂಗೆ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಮುರಿದ ಚಪ್ಪಡಿ ತಂದು ಒಂದೂವರೆ ಅಡಿ ಎತ್ತರಕ್ಕೆ ನಿಲ್ಲಿಸಿದರೆ ಗೋಡೆ. ಅದರ ಮೇಲೆ ನೀಲಗಿರಿ ಗಳ ನೆಟ್ಟು ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯಬೇಕು. ದುಡ್ಡು ಕೊಟ್ಟು ತರಬೇಕಾದ್ದು ಮುಖ್ಯವಾಗಿ ಈ ಜಾಲರಿಯೊಂದೇ, ಇದರಲ್ಲಿ ಮಾತ್ರ ಜಿಪುಣತನ ಬೇಡ. ಮೇಲಕ್ಕೆ ಹಳೇ ಶೀಟು ಅಥವಾ ತೆಂಗಿನ ಗರಿ. ಶೀಟಾದರೆ ಬೇಸಿಗೆಯಲ್ಲಿ ಮೇಲೆ ಗರಿ ಹಾಸಿ. ನೆಲ ದಿಮ್ಮಸು ಹಾಕಿ ಗಟ್ಟಿ ಮಾಡಿ, ಮೇಲೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿದರೆ ಆಯ್ತು. ಹೊಟ್ಟು ಒದ್ದೆಯಾದರೆ ತೆಗೆದು ತಿಪ್ಪೆಗೆ ಹಾಕಿ, ಒಳ್ಳೆ ಗೊಬ್ಬರ.

ಬಹಳ ಜನ ಮರೆಯುವುದು ಕೂರುವ ಕೋಲನ್ನು. ಮರದ ಮೇಲೆ ಮಲಗುವ ಜಾತಿ ಇದು, ನೆಲದ ಮೇಲೆ ನಿದ್ದೆ ಮಾಡು ಅಂದರೆ ಕೇಳುವುದಿಲ್ಲ. ಹಕ್ಕಿಗೆ ಮುಕ್ಕಾಲು ಅಡಿ ಲೆಕ್ಕ ಇಟ್ಟರೆ 20 ಹಕ್ಕಿಗೆ 15 ಅಡಿ. ಹತ್ತಡಿಯ ಎರಡು ಗಳಗಳನ್ನು, ಒಂದು ಮೂರಡಿಗೆ, ಇನ್ನೊಂದು ನಾಲ್ಕಡಿಗೆ ಕಟ್ಟಿದರೆ ಸಲೀಸಾಗಿ ಹಿಡಿಯುತ್ತದೆ. ಗೂಡಿನಲ್ಲಿ ಕೋಲಿಲ್ಲದಿದ್ದರೆ ಪಕ್ಕದ ಮನೆಯ ಹಲಸಿನ ಮರ ಹತ್ತುತ್ತವೆ, ಆಮೇಲೆ ಜಗಳ.

ಹೊಸದಾಗಿ ತಂದ ಹಕ್ಕಿಗಳನ್ನು ಕೂಡಲೇ ಹೊರಗೆ ಬಿಡಬೇಡಿ. ಕೆಲವು ವಾರ ಗೂಡಲ್ಲೇ ಕೂಡಿ, ಸಂಜೆ ಒಂದೇ ಹೊತ್ತಿಗೆ ಒಂದೇ ಕೂಗು ಕೂಗಿ ಕಾಳು ಹಾಕಿ. ಆಮೇಲೆ ಬಿಟ್ಟರೆ ಕತ್ತಲಾಗುವ ಮುಂಚೆ ತಾವೇ ಬರುತ್ತವೆ. ಬೇಲಿ ಹಾರುವ ಹಕ್ಕಿಗೆ ಒಂದು ಕಡೆಯ ರೆಕ್ಕೆಗರಿ ಮಾತ್ರ ಕತ್ತರಿಸಿದರೆ ಸಾಕು.

ಮರಿಗಳ ಆರೈಕೆ

ದೊಡ್ಡ ಗಿನಿ ಕೋಳಿ ಎಷ್ಟು ಗಟ್ಟಿಯೋ ಮರಿ ಅಷ್ಟು ನಾಜೂಕು. ನಷ್ಟ ಆಗುವುದೆಲ್ಲ ಮೊದಲ ನಾಲ್ಕು ವಾರದಲ್ಲೇ ಅನ್ನಬಹುದು. ಗಿನಿ ಹ್ಯಾಟೆ ಒಳ್ಳೆ ತಾಯಿಯಲ್ಲ. ಬೆಳಗಿನ ಇಬ್ಬನಿ ಹುಲ್ಲಿನಲ್ಲೇ ಮರಿಗಳನ್ನು ನಡೆಸಿಕೊಂಡು ಹೋಗುತ್ತದೆ, ಮರಿಗಳು ನೆನೆದು ಸಾಯುತ್ತವೆ. ಅದಕ್ಕೇ ಮೊಟ್ಟೆಗಳನ್ನು ಕಾವಿಗೆ ಕೂತ ನಾಟಿ ಹ್ಯಾಟೆಯ ಕೆಳಗೆ ಇಡುವುದು ಉತ್ತಮ. ಕೋಳಿ ಮೊಟ್ಟೆ 21 ದಿನಕ್ಕೆ ಒಡೆದರೆ ಇದಕ್ಕೆ 26ರಿಂದ 28 ದಿನ ಬೇಕು. ಮೊಟ್ಟೆ ಸುಮಾರು 40 ಗ್ರಾಂ, ಚಿಪ್ಪು ದಪ್ಪ. ಒಂದು ನಾಟಿ ಹ್ಯಾಟೆ 12–15 ಮೊಟ್ಟೆಗೆ ಕಾವು ಕೊಡಬಲ್ಲದು.

ಹ್ಯಾಟೆ ಇಲ್ಲದೆ ಸಾಕುವುದಾದರೆ ಮೊದಲ ವಾರ 35–37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್ ಇಲ್ಲವೆಂದು ಚಿಂತೆ ಬೇಡ. ಮರಿಗಳು ಬಲ್ಬಿನ ಕೆಳಗೆ ಗುಂಪು ಸೇರಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿಕೊಂಡಿದ್ದರೆ ಸರಿಯಾಗಿದೆ. ರೇಷ್ಮೆ ಬಿಟ್ಟ ಮನೆಗಳ ಅಟ್ಟದ ಮೇಲೆ ಹಳೇ ಚಂದ್ರಿಕೆ ಬಿದ್ದಿರುತ್ತವೆ. ಅದನ್ನು ಸುತ್ತ ನಿಲ್ಲಿಸಿ ಗೋಣಿತಾಟು ಕಟ್ಟಿದರೆ ಮರಿಗಳಿಗೆ ಬೆಚ್ಚನೆ ಕೋಟೆ. ಕೆಳಗೆ ಬರೀ ಪೇಪರ್ ಹಾಸಬೇಡಿ. ಜಾರಿ ಕಾಲು ಅಗಲಿಸಿಕೊಂಡು ಹೆಳವಾಗುತ್ತವೆ. ಗೋಣಿತಾಟು ಒಳ್ಳೆಯದು. ನೀರಿನ ತಟ್ಟೆಗೆ ಬೆಣಚು ಕಲ್ಲು ಹಾಕಿಡಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ.

ಮರಿಗೆ ಮಾಂಸಸಾರ ಜಾಸ್ತಿ ಬೇಕು, ಮೇವಿನಲ್ಲಿ ಸುಮಾರು ಶೇಕಡ 24. ಮೊದಲ ತಿಂಗಳು ಒಳ್ಳೆ ಮರಿ ಮೇವನ್ನೇ ಕೊಂಡು ಹಾಕಿ, ಅದರ ಜೊತೆ ಬೇಯಿಸಿದ ಮೊಟ್ಟೆ ಪುಡಿ, ನಮ್ಮ ಹಿರಿಯರು ನಾಟಿ ಮರಿಗೆ ತರುತ್ತಿದ್ದ ಗೆದ್ದಲು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಕೊಡಬಹುದು. ಬೆಳೆದ ಮೇಲೆ ಸಂಜೆ ಒಂದು ಹಿಡಿ ರಾಗಿ, ಜೋಳದ ನುಚ್ಚು ಸಾಕು. ಮಿಕ್ಕದ್ದು ಅದೇ ದುಡಿದು ತಿನ್ನುತ್ತದೆ. ಬೂಸಲು ಹಿಡಿದ ಹಿಂಡಿಯನ್ನು, ಗಟ್ಟಿ ಹಕ್ಕಿ ತಡೆಯುತ್ತೆ ಅಂತ ಹಾಕಬೇಡಿ.

ಲಾಭ ಎಷ್ಟು, ಕಷ್ಟ ಏನು

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದು ವರ್ಷವಿಡೀ ಮೊಟ್ಟೆ ಇಡುವ ಹಕ್ಕಿಯಲ್ಲ. ಸುಮಾರು ಮಾರ್ಚಿಯಿಂದ ಸೆಪ್ಟೆಂಬರ್‌ವರೆಗೆ ಇಡುತ್ತದೆ, ಒಳ್ಳೆ ಆರೈಕೆಯಲ್ಲಿ ಒಂದು ಋತುವಿಗೆ 100ರ ಸುತ್ತಮುತ್ತ. ನಾಲ್ಕೈದು ಹ್ಯಾಟೆಗೆ ಒಂದು ಹುಂಜ ಇರಬೇಕು. ಗಂಡು ಹೆಣ್ಣು ನೋಡಲು ಒಂದೇ ಥರ. ಎರಡು ಸ್ವರದಲ್ಲಿ ಕೂಗುವುದು ಹೆಣ್ಣು ಅಂತ ಕಿವಿಯಿಂದ ಗುರುತಿಸಬೇಕು. ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳದೆ ನೂರು ಮರಿ ತರಬೇಡಿ. ಗಲಾಟೆ ಬಹಳ. ಒತ್ತಾಗಿ ಮನೆಗಳಿರುವ ಕಡೆ ನೆರೆಯವರ ಒಪ್ಪಿಗೆ ಮೊದಲು ಪಡೆಯಿರಿ. ಆದರೆ ಆ ಗಲಾಟೆಯೇ ಕಾವಲು ಕೂಡ. ಹಾವು, ಗಿಡುಗ, ಹೊಸಬರು ಯಾರು ಬಂದರೂ ಇಡೀ ಗುಂಪು ಅರಚುತ್ತದೆ.

ಹಸು ಕಟ್ಟಿದವರು ಉಣ್ಣೆ ತಿನ್ನುತ್ತದೆಯೇ ಅಂತ ಕೇಳುತ್ತಾರೆ. ತಿನ್ನುತ್ತದೆ. ಅಮೆರಿಕದ ನ್ಯೂಯಾರ್ಕ್ ಸೀಮೆಯಲ್ಲಿ ಮಾಡಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಗಿನಿ ಕೋಳಿ ಮೇದ ಹುಲ್ಲಿನಲ್ಲಿ ದೊಡ್ಡ ಉಣ್ಣೆಗಳು ಕಡಮೆಯಾಗಿದ್ದವು. ಆದರೆ ಸಣ್ಣ ಉಣ್ಣೆಮರಿಗಳ ಮೇಲೆ ಅಂಥ ಪರಿಣಾಮ ಇಲ್ಲ ಅಂತ ಆಮೇಲಿನ ಅಧ್ಯಯನದಲ್ಲಿ ಕಂಡಿತು. ಆದ್ದರಿಂದ ಡಾಕ್ಟರರ ಔಷಧಿ ಬಿಡಬೇಡಿ.

ಕಾಯಿಲೆ ಕಡಮೆ ಅಂದರೆ ಕಾಯಿಲೆಯೇ ಇಲ್ಲ ಅಂತಲ್ಲ. ಕೊಕ್ಕರೆ ರೋಗಕ್ಕೆ ಪಶುವೈದ್ಯರನ್ನು ಕೇಳಿ ಲಸಿಕೆ ಹಾಕಿಸಿ. 2012ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ಬಂದು, ಆವರಣದ ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಬೇಕಾಯಿತು. ವಿಜ್ಞಾನಿಗಳು, ಡಾಕ್ಟರರು ಇರುವ ಜಾಗಕ್ಕೇ ಹಾಗಾಯಿತೆಂದರೆ ನಾವು ಎಷ್ಟು ಹುಷಾರಾಗಿರಬೇಕು! ಟರ್ಕಿ, ಬಾತು, ನಾಟಿ ಕೋಳಿ ಎಲ್ಲವನ್ನೂ ಒಂದೇ ಗೂಡಿಗೆ ತುಂಬಬೇಡಿ. ಸಂತೆಯಿಂದ ತಂದ ಹಕ್ಕಿಯನ್ನು ಮೂರು ವಾರವಾದರೂ ದೂರ ಇಡಿ. ಒಮ್ಮೆಗೇ ಹಲವು ಸತ್ತರೆ ಮುಚ್ಚಿಡದೆ ಆಸ್ಪತ್ರೆಗೆ ತಿಳಿಸಿ.

ಸಂಘ ಏನು ಮಾಡಬಹುದು

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಬಡ್ಡಿಯ ಕೈಗೆ ಸಿಗಬಾರದು ಅಂತ. ಇಂದಿನ ಬಡ್ಡಿ ಶೆಡ್ಡಿನ ರೂಪದಲ್ಲಿ ಬಂದರೂ ಅದು ಬಡ್ಡಿಯೇ.

ನಮ್ಮ ಹಿರಿಯರಲ್ಲಿ ಕುರಿ, ಹಸು ಪಾಲಿಗೆ ಬಿಡುವ ಪದ್ಧತಿ ಇತ್ತು. ಅದೇ ರೀತಿ ಸಂಘ ಒಂದು ಸಣ್ಣ ಮರಿ ಮಾಡುವ ಯಂತ್ರ ಇಟ್ಟು, ನಂಬಿಕಸ್ಥ ಸರ್ಕಾರಿ ಕೇಂದ್ರದಿಂದ ಮೊಟ್ಟೆ ತಂದು, ಜಮೀನು ಹೋದ ಮನೆಗಳ ಹೆಣ್ಣುಮಕ್ಕಳಿಗೆ ತಿಂಗಳು ತುಂಬಿದ ಹತ್ತು ಹತ್ತು ಮರಿ ಕೊಡಬಹುದು. ಮಾರನೇ ವರ್ಷ ಅವರು ಅಷ್ಟಕ್ಕೆ ಮೊಟ್ಟೆಯನ್ನು ಸಂಘಕ್ಕೆ ಹಿಂತಿರುಗಿಸಲಿ, ಅದು ಇನ್ನೊಬ್ಬರಿಗೆ ಹೋಗಲಿ. ಸಾಲವೂ ಇಲ್ಲ, ಬಡ್ಡಿಯೂ ಇಲ್ಲ. ನಾಜೂಕಾದ ಮೊದಲ ತಿಂಗಳನ್ನು ಎಲ್ಲರೂ ಸೇರಿ ನಿಭಾಯಿಸಿದರೆ ಉಳಿದದ್ದನ್ನು ಹಕ್ಕಿಯೇ ನೋಡಿಕೊಳ್ಳುತ್ತದೆ.

ಈ ಹಕ್ಕಿಯಿಂದ ಯಾರೂ ಸಾಹುಕಾರರಾಗುವುದಿಲ್ಲ. ಆದರೆ ಹಿತ್ತಿಲು ಮಾತ್ರ ಉಳಿದ ಮನೆಯಲ್ಲಿ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದ ಖರ್ಚಿಗೆ ಇನ್ನೊಬ್ಬರ ಬಳಿ ಕೈಯೊಡ್ಡುವುದು ತಪ್ಪಿದರೆ ಅದೇನು ಸಣ್ಣದಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇನೆ.

ಜೈ ಸಹಕಾರ.