ಬಾದಾಮಿಯ ಬಣ್ಣ: ತಡವಾದ ಒಂದು ಉತ್ತರ



1982ರ ಜೂನ್ ತಿಂಗಳಲ್ಲಿ ನಮ್ಮ ಪ್ರೌಢಶಾಲೆಗೆ ಹೊಸ ಚಿತ್ರಕಲಾ ಶಿಕ್ಷಕರು ಬಂದರು. ಆ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದವರು ಅವರನ್ನು ಮರೆತಿರಲಾರರು. ಯಾರ ಕೈಯಲ್ಲಿಯಾದರೂ ರಬ್ಬರು ಕಂಡರೆ ಅದನ್ನು ಕಸಿದು ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದರು! ಪಠ್ಯಕ್ರಮದಲ್ಲಿದ್ದ ಹೂಜಿ, ಬಟ್ಟಲುಗಳ ಚಿತ್ರವನ್ನು ಬದಿಗಿರಿಸಿ, ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತರಿಸಿ ಎತ್ತುಗಳನ್ನು ಮಾಡಿಸಿದರು. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮನೆಯಲ್ಲಿ ಮಾಡುವ ಗುಳ್ಳವ್ವನನ್ನು ಶಾಲೆಗೇ ತರಿಸಿ, ಸಾಲಾಗಿ ಇಡಿಸಿದರು. ಅವುಗಳಲ್ಲಿ ಒಂದರ ಮುಖ ಇಂದಿಗೂ ನನ್ನ ಕಣ್ಣೆದುರಿಗಿದೆ. ಅದನ್ನು ಮಾಡಿದ ಬಾಲಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮಳೆಗಾಲದ ಮಧ್ಯಾಹ್ನಗಳಲ್ಲಿ ಅವರು ಅಜಂತೆಯ ಕಥೆ ಹೇಳುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ರೀಮತಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ ಅಲ್ಲಿಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸಿದಾಗ, ನಂದಲಾಲ ಬೋಸರೊಂದಿಗೆ ನಮ್ಮ ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರೂ ಹೋಗಿದ್ದರೆಂಬುದನ್ನು ನಾನೂ ಅವರಿಂದಲೇ ತಿಳಿದೆ. ಇತಿಹಾಸದ ಶಿಕ್ಷಕನಾಗಿ ನಾನು ಅಜಂತೆಗೆ ಅರ್ಧ ಪುಟ ಮಾತ್ರ ಕೊಡುತ್ತಿದ್ದೆ.

ಪ್ರತಿ ವರ್ಷದ ಪ್ರವಾಸವೆಂದರೆ ಒಂದೇ ದಿನದಲ್ಲಿ ಐದಾರು ಊರು ಸುತ್ತುವುದು. ಆ ಸಲ ಮಾತ್ರ ಬಾದಾಮಿ ಒಂದನ್ನೇ ನೋಡೋಣವೆಂದು ಅವರು ಪಟ್ಟು ಹಿಡಿದರು. ಆಗ ಬಾದಾಮಿ ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿತ್ತು. ಹಣ ಸಂಗ್ರಹ, ಬಸ್ಸಿನ ವ್ಯವಸ್ಥೆ ನನ್ನ ಪಾಲಿಗೆ ಬಂದವು. ಗುಳ್ಳವ್ವ ಮಾಡಿದ ಬಾಲಕಿಯನ್ನು, ಮರಳುವಾಗ ರಾತ್ರಿಯಾಗುವುದೆಂಬ ಕಾರಣಕ್ಕೆ ತಂದೆ ಕಳುಹಿಸಲಿಲ್ಲ. ಅವರ ಮನೆ ಶಾಲೆಯಿಂದ ಎರಡೇ ಓಣಿ ಆಚೆಗಿತ್ತು. ನಾನು ಹೋಗಿ ಎರಡು ಮಾತು ಹೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ಹೋಗಲಿಲ್ಲ.

1983ರ ಜನವರಿಯ ಆ ದಿನ ಮೊದಲ ಗುಹೆಯ ನಟರಾಜನ ಮುಂದೆಯೇ ಎರಡು ತಾಸು ಕಳೆದವು. ಹದಿನೆಂಟು ಕೈಗಳನ್ನು ರಬ್ಬರಿಲ್ಲದೆ ಬರೆಯುವುದೆಂದರೆ ಸಾಮಾನ್ಯವೇ? ಒಬ್ಬನ ಕಾಗದದಲ್ಲಿ ಇಪ್ಪತ್ತೊಂದು ಕೈಗಳಾಗಿದ್ದವು. ಅವನೀಗ ಸಿವಿಲ್ ಎಂಜಿನಿಯರ್. ಮೂರನೆಯ ಗುಹೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು, ಕೆಳಗಿನಿಂದ ಚಾಲಕನು ಹಾರ್ನ್ ಬಾರಿಸುತ್ತಿದ್ದ. ಶಕ 500, ಅಂದರೆ ಕ್ರಿ.ಶ. 578ರ ಶಾಸನ, ಮಂಗಳೇಶ, ಕೀರ್ತಿವರ್ಮ, ತ್ರಿವಿಕ್ರಮ, ವರಾಹ ಎಂದು ಪಾಠ ಒಪ್ಪಿಸಿದಂತೆ ಹೇಳಿ, ಎಲ್ಲರನ್ನೂ ಮೆಟ್ಟಿಲಿಳಿಸಿದವನು ನಾನೇ.

ಮರುದಿನ ಆ ಬಾಲಕಿ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ಅಜಂತಾದಾಗ ಇದ್ದಂಗ ಅಲ್ಲೂ ಬಣ್ಣ ಅದಾವೇನ್ರಿ?"

"ಇಲ್ಲವಾ, ಬಾದಾಮಿ ಬರೀ ಕಲ್ಲು" ಎಂದೆ. ಅವಳು ತಲೆಯಾಡಿಸಿ ಹೋದಳು.

ಹಲವು ವರ್ಷಗಳ ಮೇಲೆ, ಆ ಶಿಕ್ಷಕರು ವರ್ಗವಾಗಿ ಹೋದ ನಂತರ, ಗ್ರಂಥಾಲಯದಲ್ಲಿ ಚಾಲುಕ್ಯರ ಕಲೆಯನ್ನು ಕುರಿತು ಓದುತ್ತಿದ್ದಾಗ ನನ್ನ ತಪ್ಪು ತಿಳಿಯಿತು. ಮೂರನೆಯ ಗುಹೆಯ ಮುಂಭಾಗದಲ್ಲಿ ಹೊರಚಾಚಿದ ಕಲ್ಲಿನ ಸೂರಿದೆಯಲ್ಲ, ಅದರ ಒಳಮೈಯಲ್ಲಿ ಚಿತ್ರಗಳ ಅವಶೇಷಗಳಿವೆ. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಅವುಗಳ ವಿಷಯವಾಗಿ 1936ರಲ್ಲಿಯೇ ಲೇಖನ ಪ್ರಕಟಿಸಿದ್ದರು. ನರ್ತನ, ವಾದ್ಯ, ಕುಳಿತು ನೋಡುತ್ತಿರುವ ರಾಜಗಾಂಭೀರ್ಯದ ಒಂದು ಆಕೃತಿ. ಅದು ಅರಮನೆಯ ದೃಶ್ಯವೋ ದೇವಲೋಕದ್ದೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಳೆ ಗಾಳಿಗಳಿಗೆ ಬಹುಭಾಗ ಅಳಿದಿದೆಯಾದರೂ, ವೈದಿಕ ಪರಂಪರೆಯ ದೇಗುಲಗಳಲ್ಲಿ ಉಳಿದುಬಂದಿರುವ ಅತಿ ಪ್ರಾಚೀನ ಚಿತ್ರಗಳಲ್ಲಿ ಅವೂ ಸೇರುತ್ತವೆ. ನಾನು ಶಾಸನದ ಇಸವಿ ಹೇಳುತ್ತ ನಿಂತಿದ್ದು ಸರಿಯಾಗಿ ಅವುಗಳ ಕೆಳಗೆ. ಕತ್ತೆತ್ತಿ ನೋಡಿರಲಿಲ್ಲ.

ನಿವೃತ್ತನಾದ ಮೇಲೆ ಒಬ್ಬನೇ ಹೋಗಿ ನೋಡಿ ಬಂದೆ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷಗಳು ಬೇಕು. ಆಮೇಲೆ ಮಾಸಿದ ಕಾವಿಯ ಕೆಂಪು ಮೆಲ್ಲಗೆ ಕಾಣತೊಡಗುತ್ತದೆ.

ತಂಗಿ, ಈ ಬರಹ ನಿನ್ನ ಕಣ್ಣಿಗೆ ಬಿದ್ದರೆ, ಅಂದು ನಾನು ಕೊಟ್ಟ ಉತ್ತರ ತಪ್ಪು. ಬಾದಾಮಿಯಲ್ಲಿ ಬಣ್ಣವಿದೆ. ಮೂರನೆಯ ಗುಹೆ, ಸೂರಿನ ಕೆಳಗೆ ನಿಂತು ಮೇಲೆ ನೋಡಬೇಕು.