ಲ್ಯಾಪ್‌ಟಾಪಿಗೆ ಬೀಗ ಬಂದ ಕಥೆ

ಕಳೆದ ವರ್ಷ ನಮ್ಮ ಬ್ಯಾಚಿನ ಗೆಳೆಯನೊಬ್ಬನ ಲ್ಯಾಪ್‌ಟಾಪ್ ಬ್ಯಾಗು ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು. ಸೀಟು ಹಿಡಿಯಲೆಂದು ಕಿಟಕಿಯಿಂದ ಬ್ಯಾಗು ತೂರಿಸಿ, ನೂಕುನುಗ್ಗಲಿನಲ್ಲಿ ಬಾಗಿಲಿಂದ ಹತ್ತಿ ಬರುವಷ್ಟರಲ್ಲಿ ಸೀಟೂ ಇಲ್ಲ, ಬ್ಯಾಗೂ ಇಲ್ಲ. ಯಂತ್ರ ಹಳೆಯದು, ಅದರ ದುಃಖ ಎರಡು ದಿನದ್ದು. ಆದರೆ ಅದರೊಳಗೆ ಮರಳು ಸಾಗಣೆಯ ಬಗ್ಗೆ ಅವನು ಬರೆಯುತ್ತಿದ್ದ ವರದಿಯ ಟಿಪ್ಪಣಿಗಳಿದ್ದವು. ರಾತ್ರಿ ಲಾರಿಗಳು ಯಾವ ದಾರಿಯಲ್ಲಿ ಹೋಗುತ್ತವೆಂದು ಹೇಳಿದ ಮೂವರು ಹಳ್ಳಿಗರ ಧ್ವನಿ, ಹೆಸರು, ಫೋನ್ ನಂಬರು ಎಲ್ಲ ಅದರಲ್ಲೇ ಇತ್ತು.

‘ಪಾಸ್‌ವರ್ಡ್ ಇದೆ ಮಾರಾಯ, ಏನೂ ಆಗಲ್ಲ’ ಅಂದ. ನಾನೂ ಹಾಗೇ ನಂಬಿದ್ದೆ. ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನನ್ನು ಕೇಳಿದರೆ ನಕ್ಕುಬಿಟ್ಟ. ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆದು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ, ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ ಅಂದ. ಮುಂಬಾಗಿಲಿಗೆ ದೊಡ್ಡ ಬೀಗ, ಹಿತ್ತಿಲಿಗೆ ಗೋಡೆಯೇ ಇಲ್ಲ!

ಹಿತ್ತಿಲಿಗೆ ಗೋಡೆ ಕಟ್ಟುವ ಕೆಲಸಕ್ಕೇ ಫುಲ್ ಡಿಸ್ಕ್ ಎನ್‌ಕ್ರಿಪ್ಶನ್ ಎನ್ನುತ್ತಾರೆ. ಚಿಕ್ಕವರಿದ್ದಾಗ ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತಾಡುತ್ತಿದ್ದೆವಲ್ಲ, ಅದೇ ಜಾತಿಯ ಕಸುಬು. ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಸೂತ್ರ ಗುಟ್ಟಲ್ಲ, ಅದು ಜಗತ್ತಿಗೇ ಗೊತ್ತು. ಗುಟ್ಟಾಗಿರುವುದು ಕೀಲಿ ಮಾತ್ರ.

ಅಮೆರಿಕ ಸರ್ಕಾರ ಡಿಇಎಸ್ ಎಂಬ ಸೂತ್ರವನ್ನು 1977ರಲ್ಲಿ ಅಧಿಕೃತವೆಂದು ಪ್ರಕಟಿಸಿತು. ಅದರ ಕೀಲಿಯ ಉದ್ದ 56 ಬಿಟ್. ಇದು ಚಿಕ್ಕದಾಯಿತು ಎಂದು ಕೆಲವು ವಿದ್ವಾಂಸರು ಆಗಲೇ ತಕರಾರು ತೆಗೆದಿದ್ದರು. 1998ರಲ್ಲಿ ಇಎಫ್ಎಫ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಒಂದು ಯಂತ್ರ ಕಟ್ಟಿ, 56 ಗಂಟೆಯಲ್ಲಿ ಅಂಥದೊಂದು ಕೀಲಿಯನ್ನು ಹುಡುಕಿ ತೋರಿಸಿತು. ಹೊಸ ಸೂತ್ರಕ್ಕಾಗಿ ಬಹಿರಂಗ ಸ್ಪರ್ಧೆ ಅಷ್ಟರಲ್ಲಿ ಶುರುವಾಗಿತ್ತು. ಅದನ್ನು ಗೆದ್ದವರು ಬೆಲ್ಜಿಯಂನ ಯೋಆನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್. ಅವರ ಸೂತ್ರ 2001ರಲ್ಲಿ ಎಇಎಸ್ ಎಂಬ ಹೆಸರಿನಲ್ಲಿ ಮಾನದಂಡವಾಯಿತು. ಇವತ್ತು ನಿಮ್ಮ ಲ್ಯಾಪ್‌ಟಾಪ್ ಬಳಸುವುದೂ ಹೆಚ್ಚಾಗಿ ಇದನ್ನೇ.

ಸೂತ್ರವೇನೋ ಬಂತು, ಬಳಸುವವರು ಕಡಿಮೆ. 2006ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಗೆ ಕಳ್ಳರು ನುಗ್ಗಿ ಒಂದು ಲ್ಯಾಪ್‌ಟಾಪು, ಒಂದು ಹೊರಡಿಸ್ಕು ಹೊತ್ತೊಯ್ದರು. ಅದರಲ್ಲಿದ್ದದ್ದು 2 ಕೋಟಿ 65 ಲಕ್ಷ ಜನರ ವಿವರ, ಯಾವ ಎನ್‌ಕ್ರಿಪ್ಶನ್ನೂ ಇಲ್ಲದೆ. ಜೂನ್‌ನಲ್ಲಿ ಸಾಮಾನು ವಾಪಸು ಸಿಕ್ಕಿತಾದರೂ ಅಷ್ಟರಲ್ಲಿ ಎಲ್ಲರ ಮಾನ ಹೋಗಿತ್ತು. ಹೊರಗೆ ಒಯ್ಯುವ ಕಂಪ್ಯೂಟರುಗಳಲ್ಲಿನ ಸೂಕ್ಷ್ಮ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಿ ಎಂದು ಅಲ್ಲಿನ ಸರ್ಕಾರ ಅದೇ ತಿಂಗಳು ತನ್ನ ಇಲಾಖೆಗಳಿಗೆ ಸೂಚಿಸಿತು. ಅದರ ಬೆನ್ನಿಗೇ ಬಂದ ವಿಂಡೋಸ್ ವಿಸ್ತಾದಲ್ಲಿ ಬಿಟ್‌ಲಾಕರ್ ಇತ್ತು, ಆದರೆ ದುಬಾರಿ ಆವೃತ್ತಿಗಳಲ್ಲಿ ಮಾತ್ರ. ಆಪಲ್‌ನ ಫೈಲ್‌ವಾಲ್ಟ್ 2003ರಲ್ಲೇ ಬಂದಿದ್ದರೂ ಇಡೀ ಡಿಸ್ಕಿಗೆ ವಿಸ್ತರಿಸಿದ್ದು 2011ರಲ್ಲಿ.

ದುಡ್ಡಿಲ್ಲದವರ ಪಾಲಿಗೆ ಆಗ ಇದ್ದದ್ದು ಟ್ರೂಕ್ರಿಪ್ಟ್. ಈ ಕಥೆಯಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸುವ ಭಾಗ ಇದೇ. 2004ರ ಫೆಬ್ರವರಿಯಲ್ಲಿ ಬಂದ ಈ ಉಚಿತ ತಂತ್ರಾಂಶವನ್ನು ಬರೆದವರು ಯಾರೆಂದು ಯಾರಿಗೂ ತಿಳಿಯದು, ಅವರು ಹೆಸರನ್ನೇ ಹಾಕಿಕೊಳ್ಳಲಿಲ್ಲ. ಅದಕ್ಕೆ ಬುನಾದಿಯಾದ ಇ4ಎಂ ಎಂಬ ತಂತ್ರಾಂಶವನ್ನು ಬರೆದವನ ಹೆಸರು ಮಾತ್ರ ಗೊತ್ತು: ಪಾಲ್ ಲೆ ರೂ. ಆಫ್ರಿಕಾದ ರೊಡೇಶಿಯಾದಲ್ಲಿ ಹುಟ್ಟಿದ ಈತ ಮುಂದೆ ಮಾದಕವಸ್ತು, ಶಸ್ತ್ರಾಸ್ತ್ರಗಳ ಭಾರಿ ಜಾಲ ಕಟ್ಟಿ, 2012ರಲ್ಲಿ ಲೈಬೀರಿಯಾದಲ್ಲಿ ಸಿಕ್ಕಿಬಿದ್ದು, 2020ರಲ್ಲಿ ಅಮೆರಿಕದ ಕೋರ್ಟಿನಿಂದ 25 ವರ್ಷದ ಶಿಕ್ಷೆ ಪಡೆದ.

ಬ್ರೆಜಿಲ್‌ನ ಪೊಲೀಸರು 2008ರಲ್ಲಿ ಬ್ಯಾಂಕರ್ ಡೇನಿಯಲ್ ಡಾಂಟಾಸ್ ಮನೆಯಿಂದ ಐದು ಹಾರ್ಡ್ ಡಿಸ್ಕ್ ವಶಪಡಿಸಿಕೊಂಡರು. ಆ ಕಾರ್ಯಾಚರಣೆಗೆ ಅವರಿಟ್ಟ ಹೆಸರು ‘ಸತ್ಯಾಗ್ರಹ’! (ಗಾಂಧಿ ಎಲ್ಲೆಲ್ಲಿ ಹೋಗುತ್ತಾರೋ ನೋಡಿ.) ಅಲ್ಲಿನ ತಜ್ಞರು ಐದು ತಿಂಗಳು ಹೆಣಗಿದರು, ಆಮೇಲೆ ಅಮೆರಿಕದ ಎಫ್‌ಬಿಐ ಒಂದು ವರ್ಷ ಹೆಣಗಿತು. ಟ್ರೂಕ್ರಿಪ್ಟ್ ಮುಂತಾದವುಗಳಿಂದ ಮುಚ್ಚಿದ್ದ ಆ ಡಿಸ್ಕುಗಳು 2010ರಲ್ಲಿ ಹೋದಂತೆಯೇ ಹಿಂತಿರುಗಿದವು.

ನಮ್ಮ ಕಸುಬಿಗೆ ಹತ್ತಿರದ್ದು 2013ರ ಆಗಸ್ಟ್ 18ರ ಘಟನೆ. ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರ ಸಂಗಾತಿ ಡೇವಿಡ್ ಮಿರಾಂಡಾ ಬರ್ಲಿನ್‌ನಿಂದ ರಿಯೋಗೆ ಹೊರಟಿದ್ದರು. ಲಂಡನ್‌ನ ಹೀಥ್ರೋ ನಿಲ್ದಾಣದಲ್ಲಿ ಭಯೋತ್ಪಾದನಾ ಕಾನೂನಿನಡಿ ಪೊಲೀಸರು ಅವರನ್ನು ಸುಮಾರು ಒಂಬತ್ತು ಗಂಟೆ ಹಿಡಿದಿಟ್ಟು, ಸ್ನೋಡೆನ್ ದಾಖಲೆಗಳಿದ್ದ ಡಿಸ್ಕನ್ನು ಕಿತ್ತುಕೊಂಡರು. ಟ್ರೂಕ್ರಿಪ್ಟ್‌ನಿಂದಾಗಿ ಅದನ್ನು ಓದುವುದು ಬಹಳ ಕಷ್ಟವಾಗಿದೆ ಎಂದು ಪೊಲೀಸರೇ ಕೋರ್ಟಿಗೆ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಮಿರಾಂಡಾ ಬಳಿಯಿದ್ದ ಚೀಟಿಯೊಂದರಲ್ಲಿ ಒಂದು ಕಡತದ ಪಾಸ್‌ವರ್ಡ್ ಬರೆದಿತ್ತು. ಇದನ್ನು ಓದಿದ ದಿನ ನನ್ನ ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿದ್ದ ಹಳದಿ ಚೀಟಿ ಕಿತ್ತು ಹರಿದುಹಾಕಿದೆ.

2014ರ ಮೇ 28ರಂದು ಟ್ರೂಕ್ರಿಪ್ಟ್ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿತು. ಇದು ಸುರಕ್ಷಿತವಲ್ಲ, ಬಿಟ್‌ಲಾಕರಿಗೆ ಹೋಗಿ ಎಂಬ ಸೂಚನೆಯನ್ನಷ್ಟೇ ಅದರ ಪುಟದಲ್ಲಿ ಬಿಟ್ಟು ಬರೆದವರು ಮಾಯವಾದರು. ಯಾರಾದರೂ ಹೆದರಿಸಿದರೆ, ಕಳ್ಳದಾರಿ ಇಡಲು ಒತ್ತಾಯಿಸಿದರೆ ಎಂಬ ಗುಸುಗುಸು ಬಹಳ ದಿನ ನಡೆಯಿತು. ಸಾರ್ವಜನಿಕರ ದೇಣಿಗೆಯಿಂದ ನಡೆದ ತನಿಖೆ 2015ರಲ್ಲಿ ಮುಗಿದಾಗ ಕೆಲವು ದೋಷಗಳು ಕಂಡವು, ಕಳ್ಳದಾರಿಯ ಕುರುಹು ಸಿಗಲಿಲ್ಲ. ಅದರ ಮೂಲಸಂಕೇತದಿಂದ ಹುಟ್ಟಿದ ವೆರಾಕ್ರಿಪ್ಟ್ ಇವತ್ತಿಗೂ ಇದೆ.

ಲಿನಕ್ಸ್‌ನ ಕಡೆ ಇಷ್ಟೆಲ್ಲ ನಾಟಕವಿಲ್ಲ. ಕ್ಲೆಮೆನ್ಸ್ ಫ್ರುಹ್‌ವಿರ್ತ್ ರೂಪಿಸಿದ ಲಕ್ಸ್ ಎಂಬ ವ್ಯವಸ್ಥೆ ಅಲ್ಲಿ ನಡೆಯುತ್ತಿದೆ. ಅದರ ಜಾಣತನ ಇಷ್ಟೇ: ಡಿಸ್ಕನ್ನು ಮುಚ್ಚುವುದು ನಿಮ್ಮ ಪಾಸ್‌ವರ್ಡ್ ಅಲ್ಲ, ಯಂತ್ರವೇ ಹುಟ್ಟಿಸಿದ ಮೂಲ ಕೀಲಿ. ನಿಮ್ಮ ಪಾಸ್‌ವರ್ಡ್ ಆ ಕೀಲಿಯಿಟ್ಟ ಡಬ್ಬಿಯನ್ನು ತೆರೆಯುತ್ತದೆ. ಹಾಗಾಗಿ ಪಾಸ್‌ವರ್ಡ್ ಬದಲಿಸಿದರೆ ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಿಲ್ಲ. ಡಬ್ಬಿಯೇ ಕೆಟ್ಟರೆ ಮಾತ್ರ ದೇವರೂ ತೆರೆಯಲಾರ.

ಮೊನ್ನೆ ನನ್ನ ಹಳೇ ಯಂತ್ರಕ್ಕೆ ಇದನ್ನೇ ಹಾಕಿದೆ. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ, ಯಾಕೆಂದರೆ ಹೊಸದಾಗಿ ಉಬುಂಟು ಹಾಕುವಾಗ ಹಳೆಯದೆಲ್ಲ ಅಳಿದುಹೋಗುತ್ತದೆ. ನಕಲಿನ ಡಿಸ್ಕಿಗೂ ಬೀಗ ಬೇಕು, ಇಲ್ಲದಿದ್ದರೆ ಪಟ್ಟ ಶ್ರಮ ದಂಡ. ಉಳಿದದ್ದು ಎನ್‌ಕ್ರಿಪ್ಶನ್ ಆಯ್ಕೆಗೆ ಒಂದು ಗುರುತು ಹಾಕುವಷ್ಟೇ ಕೆಲಸ. ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ, ಯಂತ್ರ ಏಳುವ ಹೊತ್ತಿಗೆ ಕನ್ನಡ ಕೀಲಿಮಣೆ ಇರುವುದಿಲ್ಲವಲ್ಲ. ಗಾದೆ, ಹಾಡಿನ ಸಾಲು ಬೇಡ, ಅವು ಊರಿಗೆಲ್ಲ ಗೊತ್ತು. ವಿಂಡೋಸ್ ಇಟ್ಟುಕೊಂಡವರು ಮರುಪಡೆಯುವ ಕೀಲಿ ಎಲ್ಲಿ ಉಳಿದಿದೆ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಕೂತಿರುತ್ತದೆ.

ಈ ಬೀಗ ಕೆಲಸ ಮಾಡುವುದು ಯಂತ್ರ ಪೂರ್ತಿ ಆಫ್ ಆಗಿರುವಾಗ ಮಾತ್ರ. ಮುಚ್ಚಳ ಮುಚ್ಚಿ ಮಲಗಿಸಿದರೆ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಮೆಮೊರಿ ಚಿಪ್ಪನ್ನು ತಣ್ಣಗಾಗಿಸಿ ಅಲ್ಲಿಂದ ಕೀಲಿ ಎತ್ತಬಹುದೆಂದು ಪ್ರಿನ್ಸ್‌ಟನ್ ಸಂಶೋಧಕರು 2008ರಲ್ಲೇ ತೋರಿಸಿದ್ದರು. ಸಿಲ್ಕ್ ರೋಡ್ ನಡೆಸುತ್ತಿದ್ದ ರಾಸ್ ಉಲ್ಬ್ರಿಕ್ಟ್‌ನನ್ನು 2013ರಲ್ಲಿ ಹಿಡಿಯುವಾಗ ಎಫ್‌ಬಿಐಗೆ ಅದೂ ಬೇಕಾಗಲಿಲ್ಲ. ಗ್ರಂಥಾಲಯದಲ್ಲಿ ಅವನ ಬೆನ್ನಹಿಂದೆ ಜೋಡಿಯೊಂದು ಜಗಳದ ನಾಟಕವಾಡಿತು, ಅವನು ತಿರುಗಿ ನೋಡಿದ ಕ್ಷಣದಲ್ಲಿ ತೆರೆದ ಲ್ಯಾಪ್‌ಟಾಪನ್ನು ಸೆಳೆದುಕೊಂಡರು.

ನಮ್ಮಲ್ಲಿ ಕಾನೂನಿನ ಮಾತು ಬೇರೆ ಇದೆ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಕರಡು ನೀತಿಯೊಂದು, ಎನ್‌ಕ್ರಿಪ್ಟ್ ಮಾಡಿದ ಸಂದೇಶಗಳ ಬಿಚ್ಚಿದ ಪ್ರತಿಯನ್ನು ಜನ 90 ದಿನ ಇಟ್ಟುಕೊಳ್ಳಬೇಕೆಂದಿತ್ತು. ಗಲಾಟೆಯಾಗಿ ಬೇಗನೇ ಹಿಂದಕ್ಕೆ ಹೋಯಿತು. 2021ರ ಮಾರ್ಚ್‌ನಲ್ಲಿ ಮಾದಕವಸ್ತು ಪ್ರಕರಣವೊಂದರಲ್ಲಿ ನಮ್ಮ ಹೈಕೋರ್ಟ್, ಫೋನು, ಲ್ಯಾಪ್‌ಟಾಪ್ ಶೋಧಿಸುವ ಕ್ರಮವನ್ನು ವಿವರವಾಗಿ ಹಾಕಿಕೊಟ್ಟಿತು. ಪಾಸ್‌ವರ್ಡ್ ಕೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದಂತಲ್ಲ ಎಂದೂ ಹೇಳಿತು. ಪತ್ರಕರ್ತರ ಸಾಧನಗಳ ವಶಕ್ಕೆ ಮಾರ್ಗಸೂಚಿ ಬೇಕೆಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಅಂದಿತು. ಎಂದರೆ ಈ ಬೀಗ ಕಳ್ಳನಿಗೆ ಸರಿ, ವಾರಂಟು ಹಿಡಿದು ಬಂದವರ ಮುಂದೆ ವಕೀಲರೂ ಬೇಕು.

ಗೆಳೆಯನ ಬ್ಯಾಗು ಸಿಗಲಿಲ್ಲ. ಅವನು ಆ ವಾರವೇ ಬೈಕಿನಲ್ಲಿ ಹೋಗಿ ಮೂವರ ಮನೆಯಲ್ಲೂ ಕೂತು ನಡೆದದ್ದನ್ನು ಹೇಳಿ ಬಂದ. ಇಬ್ಬರು ‘ಆಯ್ತು ಬಿಡಿ ಸಾರ್’ ಅಂದರಂತೆ. ಮೂರನೆಯವರು ಟೀ ಕೊಟ್ಟರು, ಆಮೇಲೆ ಅವನ ಫೋನು ಎತ್ತುವುದನ್ನು ನಿಲ್ಲಿಸಿದರು.