ಎಣ್ಣೆಯ ಅಳತೆಯೂ ಮನೆಯ ಪಾತ್ರೆಯೂ

ಮನೆಯ ಪಾತ್ರೆಯನ್ನು ಅಂಗಡಿಗೆ ಕೊಂಡೊಯ್ದು, ಬೇಕಾದಷ್ಟು ಪದಾರ್ಥವನ್ನು ಅದರಲ್ಲಿಯೇ ತುಂಬಿಸಿಕೊಂಡು ಬರುವ ಪದ್ಧತಿಯು ಈಚೆಗೆ ಪಾಶ್ಚಾತ್ಯ ನಗರಗಳಲ್ಲಿ ಒಂದು ನೂತನ ಶೋಧವೆಂಬಂತೆ ಪ್ರಸಿದ್ಧಿಗೆ ಬಂದಿದೆ. ಇದರಿಂದ ಮನೆಯ ಕಸವು ಕಡಮೆಯಾಗುವುದೆಂಬುದೇ ಅದರ ಉದ್ದೇಶ. ಕನ್ನಡನಾಡಿನಲ್ಲಾದರೋ ಈ ವ್ಯವಹಾರಕ್ಕೆ ಹೆಸರೇ ಇರಲಿಲ್ಲ. ಬೇರೆ ವಿಧವಾದ ವ್ಯಾಪಾರವಿದ್ದರಲ್ಲವೇ ಇದಕ್ಕೊಂದು ಹೆಸರು ಬೇಕಾಗುವುದು? ಹೀಗಿದ್ದ ಪದ್ಧತಿಯು ಅಳಿದದ್ದು ಹೇಗೆಂಬುದನ್ನು ಎಣ್ಣೆಯೊಂದರ ಚರಿತ್ರೆಯಿಂದಲೇ ತಿಳಿಯಬಹುದು.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ತೆಲ್ಲಿಗರ ಐವತ್ತೊಕ್ಕಲೆಂಬ ಗಾಣಿಗರ ಸಮೂಹವು ದೇವಾಲಯದ ನಂದಾದೀವಿಗೆಗೆ ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟುಕೊಟ್ಟ ದತ್ತಿಗಳು ಹೇರಳವಾಗಿ ದೊರೆಯುತ್ತವೆ. ಅಲ್ಲಿ ಅಳತೆಗೆ ಹೆಸರುಂಟು, ಕೊಡುವವರಿಗೆ ಹೆಸರುಂಟು, ತಪ್ಪಿದವರಿಗೆ ಶಾಪವೂ ಉಂಟು. ಎಣ್ಣೆಯನ್ನು ಹೊತ್ತ ಪಾತ್ರೆಯ ಮಾತು ಮಾತ್ರ ಅಪರೂಪ. ಪಾತ್ರೆಯು ಕೊಳ್ಳುವವನ ಸ್ವತ್ತು; ಮಾರುವವನ ಹೊಣೆಯು ಅಳತೆಯೊಂದೇ.

ಆ ಅಳತೆಯು ಎಲ್ಲೆಡೆಯೂ ಒಂದೇ ಆಗಿರಲಿಲ್ಲವೆಂಬುದನ್ನು ಮರೆಯಲಾಗದು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲೆಯದು, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರಾದರೋ 80 ತೊಲೆಯದು. ಒಂದೂರಿನ ಮಾನವು ಇನ್ನೊಂದೂರಿಗೆ ಸಲ್ಲುತ್ತಿರಲಿಲ್ಲ. ಅಳತೆಯ ತಳವನ್ನು ಒಳಕ್ಕೆ ತಗ್ಗಿಸಿಕೊಂಡ ವರ್ತಕನೂ ಇದ್ದನು. ಅಳೆದಾದ ಮೇಲೆ ಕೊಸರೆಂದು ಮತ್ತಷ್ಟು ಸುರಿಯುವ ವರ್ತಕನೂ ಇದ್ದನು. ಕೆಲವೆಡೆಗಳಲ್ಲಿ ಇವರಿಬ್ಬರೂ ಒಬ್ಬನೇ ಆಗಿದ್ದಿರಬೇಕು. ಗೃಹಿಣಿಗೆ ಇದ್ದ ರಕ್ಷಣೆಯೆಂದರೆ ಅವಳ ಕಣ್ಣು, ಮೂಗು, ಮತ್ತು ಮುಂದಿನ ವಾರ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸೀಮೆಎಣ್ಣೆಯು ತಗಡಿನ ಡಬ್ಬಗಳಲ್ಲಿ ಹಿಂದೂದೇಶಕ್ಕೆ ಬಂದಿತು. ಒಂದೊಂದು ಡಬ್ಬವು ನಾಲ್ಕು ಗ್ಯಾಲನ್, ಸುಮಾರು 18 ಲೀಟರು ಹಿಡಿಯುವಂಥದು. ಎರಡು ಡಬ್ಬಗಳಿಗೊಂದು ಮರದ ಪೆಟ್ಟಿಗೆ. ಕಾರ್ಖಾನೆಯ ಪಾತ್ರೆಯು ಸರಕಿನೊಡನೆಯೇ ಮನೆಯೊಳಕ್ಕೆ ಬಂದುದು ಹೀಗೆ. ಆದರೆ ಅದು ಕಸವಾಗಲಿಲ್ಲ. ಬರಿದಾದ ಡಬ್ಬವು ನೀರು ಹೊತ್ತಿತು, ಅಕ್ಕಿ ಕಾಯ್ದಿತು, ತುಕ್ಕು ಹಿಡಿದ ಮೇಲೆ ಬಿಡಿಸಿದ ತಗಡಾಗಿ ಗುಡಿಸಲಿನ ಮಾಡು ಸೇರಿತು. 1937ರಲ್ಲಿ ಪೇಟೆಗೆ ಬಂದ ಡಾಲ್ಡಾದ ಡಬ್ಬದ ಗತಿಯೂ ಇದೇ. ಎಷ್ಟೋ ಮನೆಗಳಲ್ಲಿ ಒಳಗಿನ ವನಸ್ಪತಿಗಿಂತ ಹೊರಗಿನ ಡಬ್ಬಕ್ಕೇ ಬಾಳಿಕೆ ಹೆಚ್ಚು, ಮರ್ಯಾದೆಯೂ ಹೆಚ್ಚು.

ಸ್ವಾತಂತ್ರ್ಯಾನಂತರ ಎರಡು ಶಾಸನಗಳು ಬಂದವು. 1954ರದು ಆಹಾರದ ಕಲಬೆರಕೆಯನ್ನು ತಡೆಯುವುದಕ್ಕೆ. 1956ರದು ತೂಕ ಅಳತೆಗಳನ್ನು ದೇಶಕ್ಕೆಲ್ಲ ಒಂದುಗೂಡಿಸುವುದಕ್ಕೆ. ಎರಡನೆಯದು ಸಫಲವಾಯಿತು, ಸೇರು ಹೋಗಿ ಕಿಲೋಗ್ರಾಂ ಬಂದಿತು. ಮೊದಲನೆಯದರ ವಿಷಯದಲ್ಲಿ ಹಾಗೆ ಹೇಳಲಾಗದು. 1998ರಲ್ಲಿ ದೆಹಲಿಯಲ್ಲಿ ಸಾಸಿವೆಯೆಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದೆಣ್ಣೆ ಬೆರೆತು, ಕಾಲುಗಳು ಬಾತು ಹೃದಯವು ಸೋಲುವ ರೋಗವು ಹಬ್ಬಿತು; 60ಕ್ಕೂ ಮಿಕ್ಕ ಜನರು ಸತ್ತರು. ರೋಗವು ಹೊಸದಲ್ಲ, 1877ರಲ್ಲಿಯೇ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತ್ತು. ಆದರೆ ಈ ಸಲ ಸರಕಾರವು ಅದೇ ವರ್ಷ ಆಜ್ಞೆ ಹೊರಡಿಸಿ, ಅಡಿಗೆಯ ಎಣ್ಣೆಯನ್ನು ಮುಚ್ಚಿದ ಪೊಟ್ಟಣಗಳಲ್ಲಿಯೇ ಮಾರತಕ್ಕದ್ದೆಂದು ವಿಧಿಸಿತು. ಅನಂತರದ ಆಹಾರ ಸುರಕ್ಷತೆಯ ನಿಯಮಗಳೂ ಇದನ್ನೇ ಉಳಿಸಿಕೊಂಡವು. ಸಾವಿರ ವರ್ಷ ನಡೆದುಬಂದ ಸೊಲ್ಲಗೆಯ ವ್ಯಾಪಾರಕ್ಕೆ ಹೀಗೆ ಕಾನೂನಿನ ಬೇಲಿ ಬಿದ್ದಿತು. ಅದನ್ನು ತಪ್ಪೆನ್ನಲು ಯಾರಿಗೆ ಧೈರ್ಯ ಬಂದೀತು? ಸತ್ತವರು ನಂಬಿಕೆಯಿಂದಲೇ ಎಣ್ಣೆಯನ್ನು ಕೊಂಡವರು.

ಬೇಲಿಯು ಒಂದು ಕೇಡನ್ನು ತಡೆದು ಇನ್ನೊಂದನ್ನು ಒಳಗೆ ಬಿಟ್ಟಿತು. 1980ರ ದಶಕದಿಂದಲೇ ಶಾಂಪೂವು ಬೆರಳಗಲದ ಪೊಟ್ಟಣಗಳಲ್ಲಿ ದಕ್ಷಿಣದ ಹಳ್ಳಿಹಳ್ಳಿಗೂ ತಲುಪುತ್ತಿದ್ದಿತು. ಬಡವನಿಗೂ ದೊರೆಯುವಂತಾದುದು ಅದರ ಗುಣ. ಹಲವು ಪದರಗಳ ಪೊಟ್ಟಣವನ್ನು ಬಿಡಿಸಿ ಮರಳಿ ಬಳಸಲಾಗದುದು ಅದರ ದೋಷ. ಎಣ್ಣೆಯ ಜಿಡ್ಡು ಹಿಡಿದ ಚೀಲವೂ ಇದರೊಡನೆ ಸೇರಿ ನಗರದ ಹೊರಗಿನ ಹಳ್ಳಿಗಳಿಗೆ ಹೊರೆಯಾಯಿತು. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದ ತಿಪ್ಪೆಯು 2012ರಲ್ಲಿ ಮುಚ್ಚಿತು. ಮಂಡೂರಿನದು ಊರವರ ಪ್ರತಿಭಟನೆಯ ಫಲವಾಗಿ 2014ರಲ್ಲಿ ನಿಂತಿತು. 2016ರಲ್ಲಿ ಕರ್ನಾಟಕವೂ 2022ರಲ್ಲಿ ಕೇಂದ್ರವೂ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ನಿಷೇಧಿಸಿದವಾದರೂ ಕಾರ್ಖಾನೆಯಲ್ಲಿ ತುಂಬಿ ಬರುವ ಪೊಟ್ಟಣಗಳು ಅದರ ಹೊರಗೇ ಉಳಿದವು.

ತುಂಬಿಸಿಕೊಳ್ಳುವ ಅಂಗಡಿಗಳ ಪ್ರಯೋಗವು ನಡೆದುದು ಈ ಸಂದರ್ಭದಲ್ಲಿಯೇ. ಲಂಡನ್ನಿನಲ್ಲಿ 2006ರಿಂದಲೂ, ಬರ್ಲಿನ್ನಿನಲ್ಲಿ 2014ರಿಂದಲೂ ಇಂಥ ಅಂಗಡಿಗಳು ತೆರೆದವು. ಬರಿಯ ಪಾತ್ರೆಯನ್ನು ಮೊದಲು ತೂಗಿ, ತುಂಬಿದ ಮೇಲೆ ಆ ತೂಕವನ್ನು ಕಳೆಯುವುದೇ ಅಲ್ಲಿಯ ಕ್ರಮ. 2022ರ ಬೆಲೆಯೇರಿಕೆಯ ಹೊತ್ತಿಗೆ ಜರ್ಮನಿಯಲ್ಲಿ ಅಂಥ ಅನೇಕ ಅಂಗಡಿಗಳು ಮುಚ್ಚಿಹೋದವು. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಬಾಡಿಗೆಯು ಹುಟ್ಟುವುದಿಲ್ಲ. ಹಿಂದೂದೇಶದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವೊಂದು ಸದ್ದಿಲ್ಲದೆ ನಡೆದಿತ್ತು. 1974ರಲ್ಲಿ ದೆಹಲಿಯಲ್ಲಿ ಆರಂಭವಾದ ಮದರ್ ಡೈರಿಯು ತನ್ನ ಮಳಿಗೆಗಳಲ್ಲಿ ತಂಪು ಹಾಲಿನ ತೊಟ್ಟಿಯಿಟ್ಟು, ಬಿಲ್ಲೆ ಹಾಕಿದರೆ ಅಳತೆಯ ಹಾಲು ಗಿರಾಕಿಯ ಪಾತ್ರೆಗೇ ಇಳಿಯುವಂತೆ ಮಾಡಿತು. ಅಳತೆಯು ಯಂತ್ರದ್ದು, ಶುದ್ಧಿಯ ಹೊಣೆಯು ಡೈರಿಯದು, ಪಾತ್ರೆಯು ಮನೆಯದು. ದೆಹಲಿಯ ಎಣ್ಣೆಗೆ ಇಲ್ಲದೆ ಹೋದುದು ಇಂಥ ಹೊಣೆಗಾರನೇ ಹೊರತು ಪೊಟ್ಟಣವಲ್ಲ.

ಕರ್ನಾಟಕದ ಕೆಲವು ಊರುಗಳಲ್ಲಿ ಮರದ ಗಾಣಗಳು ಈಚೆಗೆ ಮತ್ತೆ ತಿರುಗುತ್ತಿವೆ, ಎತ್ತಿಗೆ ಬದಲು ವಿದ್ಯುತ್ತಿನಿಂದ. ಮನೆಯವರು ತಮ್ಮದೇ ಕಡಲೆಕಾಯಿ ಬೀಜವನ್ನೋ ಕೊಬ್ಬರಿಯನ್ನೋ ತಂದು, ಗಾಣದ ಮುಂದೆ ಕುಳಿತು, ಅರೆದ ಎಣ್ಣೆಯನ್ನು ತಮ್ಮ ಪಾತ್ರೆಗೆ ಹಿಡಿದುಕೊಂಡು ಹೋಗುವುದುಂಟು. ಅಲ್ಲಿ ನಡೆಯುವುದು ಎಣ್ಣೆಯ ಮಾರಾಟವಲ್ಲ, ಅರೆಯುವ ಕೂಲಿಯ ಲೆಕ್ಕ ಮಾತ್ರ. ಹಿಂಡಿಯು ಬೀಜ ತಂದ ಚೀಲದಲ್ಲಿಯೇ ದನಕ್ಕೆ ಹೋಗುತ್ತದೆ.